ಮನಸ್ಸು ಅಂದ್ಕೊಂಡಿದ್ದು ರೆಪ್ಪೆ ಆಗಿತ್ತು

ಭಾಗ 1

ಓದೋಕೆ ಶುರು ಮಾಡೋ ಮುಂಚೆ ಒಂದು ಕೆಲಸ ಮಾಡ್ರಿ. ಈ ಕ್ಯಾಪ್ಷನ್ ಮುಗಿಯೋತನಕ ಕಣ್ಣು ಮಿಟುಕಿಸಬ್ಯಾಡ್ರಿ.

ಆಗಂಗಿಲ್ಲ, ಹೌದಿಲ್ಲೋ? ನಾಲ್ಕನೇ ಸಾಲಿಗೆ ಬರೋದ್ರಾಗ ಕಣ್ಣು ಉರಿಯಾಕ ಹತ್ತತಾವ. ಅದಕ್ಕಿಂತ ಹೆಚ್ಚಾಗಿ, ಓದಿದ್ದು ತಲಿಗೆ ಹೋಗಂಗಿಲ್ಲ. ತಲೆಯಲ್ಲಿ "ಮಿಟುಕಿಸಬಾರದು" ಅನ್ನೋದೊಂದೇ ಓಡ್ತಿರುತ್ತೆ. ಇದನ್ನ ನೆನಪಿಟ್ಕೊಳ್ರಿ, ಮುಂದೆ ಬೇಕಾಗ್ತದ.

ನಾವು ನಿಮಿಷಕ್ಕೆ ಸುಮಾರು 15ರಿಂದ 20 ಸಲ ಕಣ್ಣು ಮಿಟುಕಿಸ್ತೀವಿ. "ನಿಮಿಷ" ಅನ್ನೋ ಪದದ ಮೂಲ ಅರ್ಥವೇ ರೆಪ್ಪೆ ಬಡಿಯುವುದು. ದೇವತೆಗಳಿಗೆ ಅನಿಮಿಷರು ಅಂತ ಹೆಸರು ಬಂದದ್ದು ಅವರು ರೆಪ್ಪೆ ಬಡಿಯೋದಿಲ್ಲ ಅಂತ. ಮಹಾಭಾರತದಲ್ಲಿ ದಮಯಂತಿಯ ಸ್ವಯಂವರಕ್ಕೆ ನಾಲ್ಕು ದೇವತೆಗಳು ನಳನ ರೂಪದಲ್ಲೇ ಬಂದು ಕೂತಾಗ, ಆಕೆ ನಿಜವಾದ ನಳನನ್ನು ಪತ್ತೆ ಹಚ್ಚಿದ ಗುರುತುಗಳಲ್ಲಿ ಇದೂ ಒಂದು: ಅವನ ಕಣ್ಣು ಮಿಟುಕುತ್ತಿತ್ತು.

ಮೊದಲ ಫೋಟೋದಲ್ಲಿರೋದು ನನ್ನ ಹಣೆಯಿಂದ ತೆಗೆದ ಗೆರೆ. ಕೊನೆ ವರ್ಷದ ಪ್ರಾಜೆಕ್ಟಿಗೆ ನಾವು ಮೂರು ಜನ ಸೇರಿ ಹಣೆಗೆ ಕಟ್ಟೋ ಒಂದು ಪಟ್ಟಿ ತರಿಸಿದ್ವಿ. ಮಿದುಳಿನ ಅಲೆ ಓದಿ, ವಿದ್ಯಾರ್ಥಿಗೆ ಗಮನ ಐತೋ ಇಲ್ಲೋ ಅಂತ ಹೇಳೋ ಪ್ರೋಗ್ರಾಂ ಬರೆದ್ವಿ. ಭಾರೀ ಚೊಲೋ ಕೆಲಸ ಮಾಡ್ತು. ನವಲಗುಂದದ ಬಸ್ಸಿನಾಗ ಮನಿಗೆ ಹೋಗುವಾಗ ನಾನು ಆಗಲೇ ಕಂಪನಿಗೆ ಹೆಸರು ಹುಡುಕಾಕತ್ತಿದ್ದೆ.

ಡೆಮೋ ದಿನ ಗೈಡ್ ಸರ್ ಒಂದೇ ಮಾತು ಹೇಳಿದ್ರು: "ಈಗ ಕಣ್ಣು ಮುಚ್ಕೊಂಡು ಹದಿನೇಳರ ಮಗ್ಗಿ ಹೇಳಪಾ."

ಪ್ರೋಗ್ರಾಂ ಮಕಾಡೆ ಬಿತ್ತು. ಯಾಕಂದ್ರ ಅದು ಮಿದುಳನ್ನು ಓದೇ ಇರಲಿಲ್ಲ. ಗಮನ ಕೊಟ್ಟು ಓದುವಾಗ ಮನುಷ್ಯ ಕಡಿಮೆ ಸಲ ಕಣ್ಣು ಮಿಟುಕಿಸ್ತಾನೆ. ನಮ್ಮ ಪ್ರೋಗ್ರಾಂ ಕಲಿತದ್ದು ಅಷ್ಟನ್ನೇ. ರೆಪ್ಪೆ ಎಣಿಸಿ "ಗಮನ" ಅಂತ ಹೇಳ್ತಿತ್ತು.

ನಾಚಿಕೆ ಆಯ್ತು. ಆಮೇಲೆ ಇದರ ಇತಿಹಾಸ ಓದಿದೆ. ಈ ತಪ್ಪು ಮಾಡಿದವರಲ್ಲಿ ನಾವು ಮೊದಲಿಗರಲ್ಲ, ದೊಡ್ಡ ದೊಡ್ಡವರೇ ಸಾಲಾಗಿ ನಿಂತಾರ. ಮತ್ತ ಈ ಕಥೆ ಒಂದು ಕಡೆ ನಮ್ಮ ಕರ್ನಾಟಕದ ಹೆಸರಿರೋ ಒಂದು ಸುಪ್ರೀಂ ಕೋರ್ಟ್ ಕೇಸಿನ ಹತ್ತಿರಾನೂ ಹೋಗ್ತದ.

ಭಾಗ 2

ಮೊದಲು ಕಣ್ಣಿನ ವಿಷಯ.

1849ರಲ್ಲಿ ಜರ್ಮನಿಯ ಎಮಿಲ್ ಡು ಬಾಯ್ಸ್-ರೇಮಂಡ್ ಅನ್ನೋ ವಿಜ್ಞಾನಿ ಮೀನಿನ ಕಣ್ಣನ್ನು ಅಳೆದು ನೋಡಿದ. ಕಣ್ಣಿನ ಮುಂಭಾಗಕ್ಕೂ ಹಿಂಭಾಗಕ್ಕೂ ನಡುವೆ ಸದಾಕಾಲ ಒಂದು ಸಣ್ಣ ವಿದ್ಯುತ್ ವ್ಯತ್ಯಾಸ ಇತ್ತು. ಅಂದ್ರ ಕಣ್ಣುಗುಡ್ಡೆ ಒಂದು ಪುಟ್ಟ ಸೆಲ್ ಇದ್ದಂಗ. ಮುಂದಿನ ಕಾರ್ನಿಯಾ ಪ್ಲಸ್, ಹಿಂದಿನ ರೆಟಿನಾ ಮೈನಸ್. ನಮ್ಮ ಮುಖದ ಮೇಲೆ ಇಂಥ ಎರಡು ಸೆಲ್ ಹೊತ್ಕೊಂಡು ಅಡ್ಡಾಡ್ತೀವಿ.

ರೆಪ್ಪೆ ಬಡಿದಾಗ ಅದು ಕಾರ್ನಿಯಾದ ಮೇಲೆ ಜಾರಿ ಬರ್ತದ. ಆ ಪ್ಲಸ್ ವೋಲ್ಟೇಜು ರೆಪ್ಪೆಯ ಮೂಲಕ ಹಣೆಯ ಕಡೆ ಹರಡ್ತದ. ರೆಪ್ಪೆಯ ಸ್ನಾಯುವಿನ ಕರೆಂಟೇ ಇದಕ್ಕೆ ಕಾರಣ ಅಂತ ಬಹಳ ಮಂದಿ ಅಂದ್ಕೋತಾರೆ, ನಾನೂ ಅಂದ್ಕೊಂಡಿದ್ದೆ. ಮುಖ್ಯ ಕಾರಣ ಅದಲ್ಲ, ಈ ಸೆಲ್ಲು.

ಈಗ ಅಳತೆ ನೋಡ್ರಿ. ನೆತ್ತಿಯ ಚರ್ಮದ ಮೇಲೆ ಸಿಗೋ ಮಿದುಳಿನ ಅಲೆ ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್. ಗೋಡೆ ಗಡಿಯಾರದ ಸೆಲ್ಲು 1.5 ವೋಲ್ಟ್, 50 ಮೈಕ್ರೋವೋಲ್ಟ್ ಅಂದ್ರೆ ಅದರ ಮೂವತ್ತು ಸಾವಿರದಲ್ಲಿ ಒಂದು ಪಾಲು. ಅದೇ ಹಣೆಯ ಮೇಲೆ ಒಂದು ಸಲ ಕಣ್ಣು ಮಿಟುಕಿಸಿದ್ರ ನೂರು, ಇನ್ನೂರು ಮೈಕ್ರೋವೋಲ್ಟ್, ಕೆಲವು ಸಲ ಅದಕ್ಕೂ ಹೆಚ್ಚು. ಇಡೀ ಆಟ 0.1ರಿಂದ 0.4 ಸೆಕೆಂಡಿನಲ್ಲಿ ಮುಗೀತದ.

ಜಾತ್ರಿಯಾಗ ಡೊಳ್ಳಿನ ಪಕ್ಕ ನಿಂತು ಫೋನಿನಾಗ ಪಿಸುಮಾತು ಕೇಳಿದಂಗ. ಹಣೆಯಿಂದ ದೂರ, ತಲೆಯ ಹಿಂಭಾಗಕ್ಕೆ ಹೋದಂತೆ ಡೊಳ್ಳಿನ ಸದ್ದು ಕಡಿಮೆ ಆಗ್ತದ, ಆದ್ರ ಪೂರ್ತಿ ನಿಲ್ಲಂಗಿಲ್ಲ.

ನಾವು ಪಟ್ಟಿ ಕಟ್ಟಿದ್ದು ಎಲ್ಲಿಗೆ? ಹಣೆಗೆ. ಡೊಳ್ಳಿನ ಮ್ಯಾಲೇ ಕಿವಿ ಇಟ್ಟಿದ್ವಿ.

ಭಾಗ 3

ಮನುಷ್ಯನ ಮಿದುಳಿನ ಅಲೆಯನ್ನು ಮೊದಲು ದಾಖಲಿಸಿದವನು ಹ್ಯಾನ್ಸ್ ಬರ್ಗರ್. ಜರ್ಮನಿಯ ಯೇನಾ ಊರಿನ ಮಾನಸಿಕ ವೈದ್ಯ. ಮೊದಲ ದಾಖಲೆ 1924ರಲ್ಲಿ, ಪ್ರಕಟಿಸಿದ್ದು 1929ರಲ್ಲಿ. ನಡುವೆ ಐದು ವರ್ಷ! ರೀಲ್ ಹಾಕಿ ಐದು ನಿಮಿಷಕ್ಕೆ ವ್ಯೂಸ್ ನೋಡೋ ನಮಗೆ ಇದು ಅರ್ಥ ಆಗೋದು ಕಷ್ಟ.

ಬರ್ಗರ್‌ಗೆ ಕಾಡ್ತಿದ್ದದ್ದು ಅನುಮಾನ. ಸೂಜಿ ಅಲ್ಲಾಡೋದು ನಿಜವಾಗಿ ಮಿದುಳಿನಿಂದಲೋ, ನೆತ್ತಿಯ ರಕ್ತನಾಳದಿಂದಲೋ, ಚರ್ಮದಿಂದಲೋ, ಕಣ್ಣು ಅಲ್ಲಾಡಿದ್ದರಿಂದಲೋ? ಒಂದೊಂದನ್ನೇ ಪರೀಕ್ಷೆ ಮಾಡ್ತಾ ಕೂತ. ಸ್ವಂತ ಮಗ ಕ್ಲಾಸ್‌ನ ತಲೆಗೂ ಎಲೆಕ್ಟ್ರೋಡ್ ಕಟ್ಟಿ ಗಂಟೆಗಟ್ಟಲೆ ಕೂರಿಸಿದ. ಕಣ್ಣು ಮುಚ್ಚಿದಾಗ ಸೆಕೆಂಡಿಗೆ ಹತ್ತರ ಆಸುಪಾಸಿನ ಒಂದು ಅಲೆ ಬರುತ್ತಿತ್ತು, ತೆರೆದಾಗ ಅಡಗುತ್ತಿತ್ತು. ಅದಕ್ಕೇ ಆಲ್ಫಾ ಅಂತ ಹೆಸರಿಟ್ಟ. ಪ್ರಕಟಿಸಿದ ಮೇಲೂ ಜನ ಸುಲಭಕ್ಕೆ ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನೇ ಮತ್ತೆ ಮಾಡಿ ತೋರಿಸಿದ ಮೇಲೆ ಲೋಕ ಒಪ್ಪಿತು.

ಅಲ್ಲಿಂದ ಮುಂದೆ ಅನುಮಾನ ಕಡಿಮೆ ಆಯ್ತು ಅಂತ ನನಗನಿಸ್ತದ.

1948ರಲ್ಲಿ ಅಮೆರಿಕದ ಕೆನಡಿ ಮತ್ತು ಜೊತೆಗಾರರು "ಸೈನ್ಸ್" ಪತ್ರಿಕೆಯಲ್ಲಿ ಒಂದು ಹೊಸ ಅಲೆಯನ್ನು ವರದಿ ಮಾಡಿದರು. ಕಪೋಲದ ಹತ್ತಿರ, ಕಣ್ಣಿನ ಪಕ್ಕದಲ್ಲಿ ಸಿಗುತ್ತಿತ್ತು. ಯೋಚನೆ ಮಾಡುವಾಗ ಬರುವ ಅಲೆ ಅಂದರು. ಕಪ್ಪಾ ಅಂತ ಹೆಸರು. ಯೋಚನೆಯ ಅಲೆ ಸಿಕ್ಕೇಬಿಡ್ತು! ಆಮೇಲೆ ನೋಡಿದ್ರ ಅದರ ಬಹುಪಾಲು ರೆಪ್ಪೆ ಮತ್ತು ಕಣ್ಣುಗುಡ್ಡೆಯ ಸಣ್ಣ ನಡುಕ ಅಂತ ಪರಿಣತರು ತೀರ್ಮಾನಕ್ಕೆ ಬಂದರು. ಇವತ್ತು ಕಪ್ಪಾ ಹೆಸರನ್ನು ಆಸ್ಪತ್ರೆಯಲ್ಲಿ ಯಾರೂ ಎತ್ತೋದಿಲ್ಲ.

ನಮ್ಮ ಪ್ರಾಜೆಕ್ಟೂ ಇದೇ ತಪ್ಪು ಮಾಡಿತ್ತು. ಎಪ್ಪತ್ತೈದು ವರ್ಷ ತಡವಾಗಿ, ಅಷ್ಟೇ.

ಭಾಗ 4

1964. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಒಂದು ಸುಂದರವಾದ ಪ್ರಯೋಗ ಮಾಡಿದ. ಮೊದಲು ಒಂದು ಸದ್ದು. ಅದಾದ ಸ್ವಲ್ಪ ಹೊತ್ತಿಗೆ ಬೆಳಕು. ಬೆಳಕು ಬಂದ ಕೂಡಲೆ ಬಟನ್ ಒತ್ತಬೇಕು. ಸದ್ದು ಕೇಳಿ ಬೆಳಕಿಗಾಗಿ ಕಾಯೋ ಹೊತ್ತಿನಲ್ಲಿ ತಲೆಯ ಮೇಲೆ ವೋಲ್ಟೇಜು ನಿಧಾನಕ್ಕೆ ಮೈನಸ್ ಕಡೆ ಸರಿಯುತ್ತಿತ್ತು. ನಿರೀಕ್ಷೆಯ ಅಲೆ ಅಂದ. ಬಸ್‌ಸ್ಟ್ಯಾಂಡಿನಾಗ ಅಣ್ಣಿಗೇರಿ ಬಸ್ಸಿಗೆ ಕಾಯೋವಾಗ ನಮ್ಮ ತಲೆಯಲ್ಲಿ ಏನಾಗ್ತದೋ ಅದು.

ಆದರೆ ಕಾಯುವಾಗ ಮನುಷ್ಯನ ಕಣ್ಣು ಸುಮ್ಮನಿರ್ತದೇನು? ಮೆಲ್ಲಗೆ ಕೆಳಗೆ ಸರಿದರೂ ಆ ಸೆಲ್ಲು ತಿರುಗ್ತದ, ಹಣೆಯ ಕಡೆ ಅಂಥದ್ದೇ ಒಂದು ಗೆರೆ ಮೂಡ್ತದ. 1970ರಲ್ಲಿ ಹಿಲ್ಯಾರ್ಡ್ ಮತ್ತು ಗಲಂಬೋಸ್ ಲೆಕ್ಕ ಹಾಕಿ, ಈ ಅಲೆಯ ಒಂದು ಪಾಲು ಕಣ್ಣಿನದೇ ಅಂತ ತೋರಿಸಿದರು. ಪೂರ್ತಿ ಅಲ್ಲ, ಒಂದು ಪಾಲು. ಅಂದ್ರ ಗ್ರೇ ವಾಲ್ಟರ್ ಹೇಳಿದ ಅಲೆ ನಿಜವೇ, ಅಳತೆ ಮಾತ್ರ ಕಲಬೆರಕೆ. ನನಗೆ ಇಡೀ ಇತಿಹಾಸದಲ್ಲಿ ಬಹಳ ಇಷ್ಟವಾದ ಪೇಪರು ಇದು. ಕಣ್ಣಿಂದು ಎಷ್ಟು, ಮಿದುಳಿಂದು ಎಷ್ಟು ಅಂತ ಕೂತು ಪಾಲು ಮಾಡ್ಯಾರ.

ಅದೇ ವರ್ಷ ತಮಾಷೆ ಉಲ್ಟಾ ಆಯ್ತು. ಲಿಪ್ಪೋಲ್ಡ್ ಅನ್ನೋ ಬ್ರಿಟಿಷ್ ವಿಜ್ಞಾನಿ "ನೇಚರ್" ಪತ್ರಿಕೆಯಲ್ಲಿ, ಬರ್ಗರ್‌ನ ಆಲ್ಫಾ ಕೂಡ ಮಿದುಳಿನದಲ್ಲ, ಕಣ್ಣಿನ ಸ್ನಾಯುಗಳ ನಡುಕ ಅಂತ ವಾದಿಸಿದ. ಕಣ್ಣುಗುಡ್ಡೆಯೇ ಇಲ್ಲದವರಲ್ಲೂ ಆಲ್ಫಾ ಸಿಕ್ಕಿತು, ಆ ವಾದ ಬಿದ್ದುಹೋಯಿತು. ಎಲ್ಲಾನೂ ಕಣ್ಣಿನ ಮ್ಯಾಲೆ ಹಾಕೋದೂ ತಪ್ಪು ಅನ್ರಿ.

ಭಾಗ 5

ಹಂಗಾದ್ರ ಕಣ್ಣಿನ ಪಾಲನ್ನು ತೆಗೆಯೋದು ಹೆಂಗ? ನಮ್ಮ ಊರಿನ ಭಾಷೆಯಲ್ಲಿ ಇದಕ್ಕೆ ಒಳ್ಳೇ ಪದ ಇದೆ: ಹಸನು ಮಾಡೋದು. ಅವ್ವ ಜೋಳ ಬೀಸಾಕ ಕೊಡೋ ಮುಂಚೆ ಮರದಾಗ ಹಾಕಿ ಕೇರ್ತಾಳಲ್ಲ, ಅದೇ.

ಬಹಳ ವರ್ಷ ಇದ್ದ ವಿಧಾನ ಒರಟು. ಕಣ್ಣು ಮಿಟುಕಿಸಿದ ತುಣುಕನ್ನು ಪೂರ್ತಿ ಬಿಸಾಕೋದು. ಬೊಗಸೆಯಲ್ಲಿ ಒಂದು ಕಲ್ಲು ಸಿಕ್ಕರೆ ಬೊಗಸೆಗೆ ಬೊಗಸೆ ತಿಪ್ಪೆಗೆ ಚೆಲ್ಲಿದಂಗ. ಉಳಿದದ್ದು ಚೊಕ್ಕ ಇರ್ತದ ನಿಜ. ಉಳಿಯೋದು ಎಷ್ಟು? ಸಣ್ಣ ಮಕ್ಕಳು ನೀವು ಹೇಳಿದಂಗ ಕೂಡಂಗಿಲ್ಲ. ಕೆಲವು ಕಾಯಿಲೆಗಳಲ್ಲಿ ಮಿಟುಕಿಸೋದು ಹೆಚ್ಚು, ಪಾರ್ಕಿನ್ಸನ್ಸ್ ಇದ್ದವರಲ್ಲಿ ಕಡಿಮೆ. ಬಿಸಾಕ್ತಾ ಹೋದ್ರ ಒಬ್ಬೊಬ್ಬರಿಂದ ಒಂದೊಂದು ಅಳತೆಯ ಕಾಳು ಉಳೀತದ, ಹೋಲಿಕೆ ಮಾಡೋದು ಹೆಂಗ?

ಇನ್ನೊಂದು ದಾರಿ: "ಕಣ್ಣು ಮಿಟುಕಿಸಬೇಡಿ" ಅಂತ ಮೊದಲೇ ಹೇಳಿಬಿಡೋದು. ಭಾಗ 1ರಲ್ಲಿ ನಿಮಗೆ ಹೇಳಿದ್ನಲ್ಲ. ರೋಲ್ಫ್ ವೆರ್ಲೆಗರ್ ಅನ್ನೋ ಜರ್ಮನ್ ವಿಜ್ಞಾನಿ 1991ರಲ್ಲಿ ಇದನ್ನೇ ಪರೀಕ್ಷಿಸಿದ. ಮಿಟುಕಿಸಬೇಡಿ ಅಂತ ಹೇಳಿದ್ದಕ್ಕೇ ಮಿದುಳಿನ ಅಲೆಗಳ ಅಳತೆ ಬದಲಾಗುತ್ತಿತ್ತು. ನಿಮಗೆ ಉರಿಯೋ ಕಣ್ಣಿನ ಜೊತೆ ಓದಿದ್ದು ತಲಿಗೆ ಹೋಗಲಿಲ್ಲ ನೋಡ್ರಿ, ಅದೇ ಕಥೆ. ತಡೆಯೋದೂ ಮಿದುಳಿಗೆ ಒಂದು ಕೆಲಸ.

ಭಾಗ 6

ಮಾರ್ಕೆಟ್ಟಿಗೆ ಕಡ್ಲಿ ಒಯ್ದವರಿಗೆ ಇದು ತಟ್ಟಂತ ತಿಳೀತದ. ಕಾಳನ್ನು ಚೀಲದ ಸಮೇತ ತೂಗ್ತಾರೆ, ಆಮೇಲೆ ಖಾಲಿ ಚೀಲದ ತೂಕ ಕಳೀತಾರೆ. ಉಳಿದದ್ದೇ ಕಾಳು.

1983ರಲ್ಲಿ ಗ್ರಾಟನ್, ಕೋಲ್ಸ್, ಡಾಂಚಿನ್ ಅನ್ನೋ ಮೂವರು ಇಲಿನಾಯ್‌ನಲ್ಲಿ ಮಾಡಿದ್ದು ಇಂಥದ್ದನ್ನೇ. ಕಣ್ಣಿನ ಮೇಲೆ ಕೆಳಗೆ ಬೇರೆ ಎಲೆಕ್ಟ್ರೋಡ್ ಅಂಟಿಸಿ ಕಣ್ಣನ್ನೇ ಪ್ರತ್ಯೇಕ ಅಳೆಯೋದು. ಆ ಅಲೆಯಲ್ಲಿ ಎಷ್ಟು ಪಾಲು ನೆತ್ತಿಯ ಒಂದೊಂದು ಜಾಗಕ್ಕೆ ಸೋರಿ ಬಂದಿದೆ ಅಂತ ಲೆಕ್ಕ ಹಾಕೋದು. ಅಷ್ಟನ್ನು ಕಳೆಯೋದು. ಮಿಟುಕಿಸುವಾಗಿನ ಸೋರಿಕೆ ಬೇರೆ, ಕಣ್ಣು ಆಚೀಚೆ ಹೊರಳಿಸುವಾಗಿನ ಸೋರಿಕೆ ಬೇರೆ ಅಂತ ಎರಡು ಲೆಕ್ಕ ಇಟ್ಟರು. ಬಿಸಾಕೋದು ತಪ್ಪಿತು. ಆ ಪೇಪರಿನ ವಿಧಾನವನ್ನು ಇವತ್ತಿಗೂ ಬಳಸ್ತಾರೆ.

ತೊಡಕು ಎಲ್ಲಿದೆ ಅಂತ ರೈತರ ಮಕ್ಕಳಿಗೆ ಹೇಳಬೇಕಾಗಿಲ್ಲ. ಆ ಖಾಲಿ ಚೀಲ ನಿಜವಾಗಿ ಖಾಲಿ ಇತ್ತೇನು? ಕಣ್ಣಿನ ಪಕ್ಕದ ಎಲೆಕ್ಟ್ರೋಡಿಗೆ ಮಿದುಳಿನ ಮುಂಭಾಗದ ಅಲೆಯೂ ಸ್ವಲ್ಪ ಸೋರಿ ಬರ್ತದ. ಅದನ್ನು "ಕಣ್ಣು" ಅಂತ ಕಳೆದ್ರ ಮಿದುಳನ್ನೂ ಕಳೆದಂಗ. ಚೀಲದ ಮೂಲೆಯಲ್ಲಿ ಕಾಳು ಉಳಿದಿತ್ತು, ತೂಕ ಕಳೆದದ್ದು ನಮ್ಮ ಲೆಕ್ಕದಿಂದ.

ಭಾಗ 7

ಕುಂದಗೋಳದವರು ಈ ಭಾಗವನ್ನು ಸೇವ್ ಮಾಡ್ಕೊಳ್ರಿ.

ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇಬ್ಬರ ಗುರು ಸವಾಯಿ ಗಂಧರ್ವರು ನಿಮ್ಮ ಊರಿನವರು. ಅವರ ನೆನಪಿನ ಸಂಗೀತೋತ್ಸವ ಕೇಳಾಕ ಹೋಗಿದ್ರ ನೆನಪು ಮಾಡ್ಕೊಳ್ರಿ: ತಂಬೂರಿ, ತಬಲಾ, ಹಾರ್ಮೋನಿಯಂ, ಹಾಡುವವರ ದನಿ. ವಾಡೆಯ ಬೇರೆ ಬೇರೆ ಮೂಲೆಯಲ್ಲಿ ನಾಲ್ಕು ಫೋನ್ ಇಟ್ಟು ರೆಕಾರ್ಡ್ ಮಾಡಿದ್ವಿ ಅಂದ್ಕೊಳ್ರಿ. ನಾಲ್ಕೂ ಫೋನಿನಲ್ಲಿ ನಾಲ್ಕೂ ಸದ್ದು ಇರ್ತಾವ. ಒಂದರಲ್ಲಿ ತಬಲಾ ಜೋರು, ಇನ್ನೊಂದರಲ್ಲಿ ದನಿ ಜೋರು. ಯಾರು ಎಲ್ಲಿ ಕೂತಿದ್ರು ಅಂತ ಗೊತ್ತಿಲ್ಲದೇ, ಬರೀ ಈ ನಾಲ್ಕು ರೆಕಾರ್ಡಿಂಗಿನಿಂದ ತಂಬೂರಿಯನ್ನೊಂದೇ ಬೇರೆ ತೆಗೆಯೋಕೆ ಆಗ್ತದೇನು?

ಆಗ್ತದ. ಒಂದೊಂದು ಸದ್ದೂ ತನ್ನ ಪಾಡಿಗೆ ತಾನು ಏರಿಳಿಯುತ್ತಿದ್ದರೆ, ಮಿಶ್ರಣಗಳನ್ನು ಕೂಡಿಸಿ ಕಳೆದು, ಒಂದಕ್ಕೊಂದು ಸಂಬಂಧವೇ ಇಲ್ಲದಂಥ ಎಳೆಗಳು ಸಿಗೋತನಕ ಕಂಪ್ಯೂಟರು ಹುಡುಕ್ತದ. 1995ರಲ್ಲಿ ಬೆಲ್ ಮತ್ತು ಸೆಯ್ನೋವ್‌ಸ್ಕಿ ಇದಕ್ಕೊಂದು ಚೊಕ್ಕ ಲೆಕ್ಕ ಕೊಟ್ಟರು. (ನಿಜ ಹೇಳಬೇಕಂದ್ರ ತಬಲಾ ದನಿಯನ್ನು ಹಿಂಬಾಲಿಸ್ತದ, ಇಬ್ಬರೂ ಸಮ್‌ಗೆ ಒಟ್ಟಿಗೆ ಬರ್ತಾರ. ಹಂಗಾಗಿ ಸಂಗೀತ ಈ ಲೆಕ್ಕಕ್ಕೆ ಪೂರಾ ಒಗ್ಗಂಗಿಲ್ಲ. ಆದ್ರ ಕಣ್ಣು ಮಿದುಳಿಗೂ ಇದೇ ತೊಡಕು ಇದೆ ಅಂತ ಆಮೇಲೆ ಗೊತ್ತಾಯ್ತು.) 1996ರಲ್ಲಿ ಮಕೇಗ್ ಮತ್ತು ಜೊತೆಗಾರರು ಅದನ್ನು ಮಿದುಳಿನ ಅಲೆಗೆ ಹಚ್ಚಿದರು. 2000ದಲ್ಲಿ ಯುಂಗ್ ಮುಂತಾದವರು ಕಣ್ಣಿನ ಎಳೆಯನ್ನು ಹೀಗೆ ಬಿಡಿಸಿ ತೆಗೆಯೋದನ್ನು ವಿವರವಾಗಿ ತೋರಿಸಿದರು. 2004ರಲ್ಲಿ ಇಇಜಿಲ್ಯಾಬ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಲೇಖನ ಬಂತು. ಇವತ್ತು ಹುಬ್ಬಳ್ಳಿಯ ಹಾಸ್ಟೆಲ್ ರೂಮಿನಲ್ಲಿ ಕೂತು ನಾನೂ ಅದನ್ನ ಓಡಿಸಬಹುದು.

ಓಡಿಸಿದೆ. ಎಳೆಗಳು ಬಿಚ್ಕೊಂಡು ಬಂದಾಗ ಅವುಗಳ ಮ್ಯಾಲೆ "ಕಣ್ಣು", "ಮಿದುಳು" ಅಂತ ಚೀಟಿ ಅಂಟಿಸಿರೋದಿಲ್ಲ. ಹಣೆಯ ಮೇಲೆ ಜೋರು, ಹಿಂದಕ್ಕೆ ಹೋದಂತೆ ಕ್ಷೀಣ, ಆಗಾಗ ದಿಬ್ಬದಂಗ ಏಳ್ತದ ಅಂದ್ರ ಕಣ್ಣು ಅಂತ ನಾವೇ ಗುರುತಿಸಬೇಕು. ಇತ್ತೀಚೆಗೆ ಆ ಗುರುತಿಸೋ ಕೆಲಸಕ್ಕೂ ಪ್ರೋಗ್ರಾಂ ಬಂದಾವ, ಆದರೂ ಕೊನೆಗೆ ಒಬ್ಬರು ನೋಡೋದು ಒಳ್ಳೇದು.

ಇನ್ನೊಂದು ಮಾತು. ನಾಲ್ಕು ಎಳೆ ಬಿಡಿಸಬೇಕಂದ್ರ ನಾಲ್ಕು ಫೋನಾದ್ರೂ ಬೇಕು. ನಮ್ಮ ಪಟ್ಟಿಯಲ್ಲಿ ಇದ್ದದ್ದು ಹಣೆಯ ಒಂದೇ ಎಲೆಕ್ಟ್ರೋಡ್. ಬಿಡಿಸಾಕ ಏನೂ ಇರಲಿಲ್ಲ. ಈ ಡೇಟಾ ಬೇರೆಯವರಿಂದ ಇಸ್ಕೊಂಡದ್ದು.

ಭಾಗ 8

ಆಸ್ಪತ್ರೆಯಲ್ಲಿ ಲೆಕ್ಕ ಬೇರೆ. ನಮ್ಮ ತಾಲ್ಲೂಕಿನವರು ಫಿಟ್ಸ್ ಬಂದವರನ್ನು ಕರ್ಕೊಂಡು ಧಾರವಾಡದ ಡಿಮ್ಹಾನ್ಸ್‌ಗೋ, ಹುಬ್ಬಳ್ಳಿಯ ಕಿಮ್ಸ್‌ಗೋ, ದೊಡ್ಡದಾದ್ರ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗ್ತಾರೆ. ಅಲ್ಲಿ ಇಇಜಿ ಓದೋ ಡಾಕ್ಟರು ರೆಪ್ಪೆಯ ಅಲೆಯನ್ನು ಕಸ ಅಂತ ಎಸೆಯೋದಿಲ್ಲ. ಅದು ಕಂಡರೆ ರೋಗಿ ಎಚ್ಚರ ಇದ್ದಾನೆ ಅಂತ. ಅದು ನಿಂತು ಕಣ್ಣು ಮೆಲ್ಲಗೆ ಆಚೀಚೆ ಉರುಳೋ ಅಲೆ ಬಂತಂದ್ರ ತೂಕಡಿಕೆ. ಒಂದೇ ಕಡೆ ಕಂಡರೆ ವೈರ್ ಸಡಿಲ ಇರಬಹುದು, ಇಲ್ಲಾ ಆ ಕಡೆ ಗಾಜಿನ ಕಣ್ಣು. ಆಸ್ಪತ್ರೆಯ ಗ್ರಾಫಿನಲ್ಲಿ ಮೈನಸ್ಸನ್ನು ಮೇಲಕ್ಕೆ ಬರೀತಾರೆ, ಅದಕ್ಕೇ ಪ್ಲಸ್ ಆಗಿರೋ ರೆಪ್ಪೆ ಕೆಳಗೆ ಗುಂಡಿ ಬಿದ್ದಂಗ ಕಾಣ್ತದ. ಎರಡನೇ ಫೋಟೋ ನೋಡಿ.

ಗುರುತಿಸೋಕೆ ಬಾರದಿದ್ರ? ಇಲ್ಲದ ಮೂರ್ಛೆರೋಗವನ್ನು ಇದೆ ಅಂದುಬಿಡೋ ಅಪಾಯ. ನಮ್ಮ ಕಡೆ ಆ ಒಂದು ಪದಕ್ಕೆ ಎಷ್ಟು ಬೆಲೆ ತೆರಬೇಕು ಅಂತ ನಿಮಗೆ ಗೊತ್ತು. 1976ರ ತಿದ್ದುಪಡಿಯ ನಂತರ ಹಿಂದೂ ವಿವಾಹ ಕಾಯ್ದೆಯಲ್ಲೇ, ಪದೇ ಪದೇ ಮೂರ್ಛೆ ಬರುವವರ ಮದುವೆಯನ್ನು ಕೋರ್ಟಿನಲ್ಲಿ ರದ್ದು ಮಾಡಿಸಲು ಅವಕಾಶ ಇತ್ತು. ಆ ಪದವನ್ನು ಕಾಯ್ದೆಯಿಂದ ತೆಗೆದದ್ದು 1999ರಲ್ಲಿ. ನಮ್ಮಲ್ಲಿ ಕೆಲವರ ಅಕ್ಕಂದಿರ ಮದುವೆ ಅದಕ್ಕಿಂತ ಮುಂಚೆ ಆಗ್ಯಾವ.

ಕರ್ನಾಟಕದಲ್ಲೇ ಹೆಚ್ಚು ವರದಿಯಾದ ಒಂದು ಮೂರ್ಛೆ ಇದೆ, ತಲೆಯ ಮೇಲೆ ಬಿಸಿನೀರು ಸುರ್ಕೊಂಡಾಗ ಬರೋದು. ನಿಮ್ಹಾನ್ಸ್‌ನ ಸತೀಶ್ಚಂದ್ರ ಮತ್ತು ಜೊತೆಗಾರರು 1988ರಲ್ಲಿ ಇಂಥ 279 ಜನರ ವಿವರ ಪ್ರಕಟಿಸಿದರು. ಫಿಟ್ಸ್ ಇಲ್ಲದ ಹೊತ್ತಿನಲ್ಲಿ ತೆಗೆದ ಇಇಜಿ ಅವರಲ್ಲಿ ಬಹಳ ಮಂದಿಗೆ ನಾರ್ಮಲ್ಲೇ. ರೋಗ ತಿಳಿದದ್ದು "ಎರಕೊಳ್ಳುವಾಗ ಹಿಂಗಾಯ್ತು" ಅಂತ ಮನೆಯವರು ಹೇಳಿದ ಮಾತಿನಿಂದ. ಗೆರೆ ಒಂದೇ ನೋಡಿ ಹೌದು ಅನ್ನೋದೂ ಇಲ್ಲ ಅನ್ನೋದೂ ಎರಡೂ ಕಷ್ಟ. ಡಾಕ್ಟರ ಮುಂದ ಆಗಿದ್ದನ್ನ ಪೂರ್ತಿ ಹೇಳ್ರಿ, ವಿಡಿಯೋ ಇದ್ರ ತೋರಿಸ್ರಿ.

ಭಾಗ 9

ಈಗ ಕೋರ್ಟಿಗೆ.

ತೆಲಗಿಯ ಛಾಪಾ ಕಾಗದ ಹಗರಣ ಕೇಳಿರ್ತೀರಿ, ನಮ್ಮ ಖಾನಾಪುರದ ಕಡೆಯ ಮನುಷ್ಯ. ಅವನಿಗೆ ಮದ್ದು ಕೊಟ್ಟು ಮಾತಾಡಿಸಿದ ನಾರ್ಕೋ ಟೇಪು ಟಿವಿಯಲ್ಲಿ ಬಂದಿತ್ತು. ಆ ಕಾಲದಲ್ಲಿ ಬೆಂಗಳೂರು ಇಂಥ ಪರೀಕ್ಷೆಗಳಿಗೆ ದೇಶದಾಗೇ ಹೆಸರುವಾಸಿ. ನಾರ್ಕೋ, ಸುಳ್ಳು ಪತ್ತೆ ಯಂತ್ರ, ಮತ್ತು ಮೂರನೆಯದು ಬ್ರೇನ್ ಮ್ಯಾಪಿಂಗ್.

ಬ್ರೇನ್ ಮ್ಯಾಪಿಂಗ್ ನಿಂತಿರೋದು ಪಿ300 ಅನ್ನೋ ಅಲೆಯ ಮೇಲೆ. 1965ರಲ್ಲಿ ಸ್ಯಾಮ್ಯುಯೆಲ್ ಸಟ್ಟನ್ ಮತ್ತು ಜೊತೆಗಾರರು ಗುರುತಿಸಿದ್ದು. ನಿಮಗೆ ಅರ್ಥಪೂರ್ಣವಾದ ಏನೋ ಒಂದು ಎದುರು ಬಂದ ಮೇಲೆ ಸುಮಾರು 300 ಮಿಲಿಸೆಕೆಂಡಿಗೆ ಏಳುವ ಪ್ಲಸ್ ಅಲೆ. ಆರೋಪಿಯ ತಲೆಗೆ ಎಲೆಕ್ಟ್ರೋಡ್ ಹಾಕಿ, ಅಪರಾಧಕ್ಕೆ ಸಂಬಂಧಪಟ್ಟ ಚಿತ್ರ, ಮಾತುಗಳನ್ನು ಒಡ್ಡೋದು; ಅಲೆ ಎದ್ದರೆ ಅದು ಅವನಿಗೆ ಪರಿಚಿತ ಅಂತ ಹೇಳೋದು. ಇದರದ್ದೇ ದಾಯಾದಿಯಂಥ ಇನ್ನೊಂದು ವಿಧಾನವನ್ನು ರೂಪಿಸಿದವರು ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಸಿ. ಆರ್. ಮುಕುಂದನ್.

2008ರ ಜೂನ್‌ನಲ್ಲಿ ಪುಣೆಯ ಸೆಷನ್ಸ್ ಕೋರ್ಟು ಒಂದು ಕೊಲೆ ಪ್ರಕರಣದಲ್ಲಿ ಶಿಕ್ಷೆ ಕೊಡುವಾಗ ಇಂಥ ಮಿದುಳಿನ ಪರೀಕ್ಷೆಯ ವರದಿಯನ್ನೂ ಪರಿಗಣಿಸಿತು. ಲೋಕವೇ ತಿರುಗಿ ನೋಡಿತು. ಅದೇ ವರ್ಷ ನಿಮ್ಹಾನ್ಸ್‌ನ ನಿರ್ದೇಶಕರಾಗಿದ್ದ ಡಾ. ಡಿ. ನಾಗರಾಜ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ, ಈ ಪರೀಕ್ಷೆಗಳಿಗೆ ವೈಜ್ಞಾನಿಕ ಆಧಾರ ಸಾಲದು, ತನಿಖೆಗಾಗಲಿ ಸಾಕ್ಷ್ಯಕ್ಕಾಗಲಿ ಬಳಸಬಾರದು ಅಂತ ಹೇಳಿತು. ನೋಡ್ರಿ, ವಿಧಾನ ರೂಪಿಸಿದವರು ಇದ್ದ ಸಂಸ್ಥೆ, ಬೇಡ ಅಂತ ಹೇಳಿದ ಸಮಿತಿಯ ಅಧ್ಯಕ್ಷರ ಸಂಸ್ಥೆ ಎರಡೂ ಒಂದೇ. ನನಗೆ ಇದು ಆ ಸಂಸ್ಥೆಯ ದೊಡ್ಡತನ ಅನಿಸ್ತದ.

2010ರ ಮೇ 5. "ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ". ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್, ನ್ಯಾಯಮೂರ್ತಿಗಳಾದ ಆರ್. ವಿ. ರವೀಂದ್ರನ್ ಮತ್ತು ಜೆ. ಎಂ. ಪಂಚಾಲ್ ಅವರ ಪೀಠ ಹೇಳಿತು: ಒಪ್ಪಿಗೆ ಇಲ್ಲದೆ ಯಾರ ಮೇಲೂ ಈ ಮೂರೂ ಪರೀಕ್ಷೆಗಳನ್ನು ಮಾಡುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಒತ್ತಾಯ ಮಾಡಬಾರದು ಅನ್ನೋ 20(3)ನೇ ವಿಧಿಗೂ, ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಗೂ ಅದು ವಿರುದ್ಧ. ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಅಲೆ ಹೇಳೋದು ಬರೀ ಪರಿಚಯ ಇದೆ ಅಂತ. ಆ ಪರಿಚಯ ಹೆಂಗ ಬಂತು ಅಂತ ಹೇಳೋದಿಲ್ಲ. ದಾರಿಯಲ್ಲಿ ಹೋಗುವಾಗ ನೋಡಿದವನಿಗೂ, ಪೇಪರಿನಾಗ ಓದಿದವನಿಗೂ ಅದು ಪರಿಚಿತವೇ.

ತೀರ್ಪು ರೆಪ್ಪೆಯ ಬಗ್ಗೆ ಅಲ್ಲ, ಸ್ವಾತಂತ್ರ್ಯದ ಬಗ್ಗೆ. ಆದರೆ ಪ್ರಾಜೆಕ್ಟಿನಲ್ಲಿ ಬಿದ್ದು ಎದ್ದ ನನಗೆ ಅದನ್ನು ಓದುವಾಗ ರೆಪ್ಪೆಯೇ ಕಣ್ಣ ಮುಂದೆ ಬಂತು. ಪಿ300 ಬಹಳ ಸಲ 20 ಮೈಕ್ರೋವೋಲ್ಟ್ ಕೂಡ ದಾಟೋದಿಲ್ಲ. ಅದಕ್ಕೇ ಒಂದೇ ಥರದ ಚಿತ್ರ ಹತ್ತಾರು ಸಲ ತೋರಿಸಿ ಸರಾಸರಿ ತೆಗೀತಾರೆ. ಅಡ್ಡಾದಿಡ್ಡಿ ಗದ್ದಲ ಸರಾಸರಿಯಲ್ಲಿ ಕರಗಿ ಹೋಗ್ತದ. ರೆಪ್ಪೆ ಮಾತ್ರ ಅಡ್ಡಾದಿಡ್ಡಿ ಬರೋದಲ್ಲ. ನೋಡೋತನಕ ತಡ್ಕೊಂಡು, ನೋಡಿದ್ದು ಮನಸ್ಸಿಗೆ ಹೋದ ಮೇಲೆ ಮಿಟುಕಿಸೋದು ಮನುಷ್ಯನ ರೂಢಿ. ಪ್ರತಿ ಚಿತ್ರಕ್ಕೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಬರ್ತದ, ಅದೂ ಪ್ಲಸ್ಸೇ. ಸರಾಸರಿ ತೆಗೆದಷ್ಟೂ ಉಳೀತದ. ಕೂತವನು ಪೊಲೀಸರ ಭಯದಾಗ ಕೂತಾನ, ನಿದ್ದೆ ಇಲ್ಲ, ಕಣ್ಣು ಉರೀತಾವ. ಹಸನು ಮಾಡಿದವರು ಯಾರು, ಯಾವ ವಿಧಾನದಲ್ಲಿ, ಎಷ್ಟು ತುಣುಕು ಬಿಸಾಕಿದ್ರು, ಯಾವ ಎಳೆಗೆ "ಕಣ್ಣು" ಅಂತ ಚೀಟಿ ಹಚ್ಚಿದ್ರು? ಅವನ ಪರ ವಕೀಲರು ಇದನ್ನೆಲ್ಲ ಕೇಳಬೇಕಾಗ್ತದ. ಸ್ವಂತ ಒಪ್ಪಿಗೆಯಿಂದ ಪರೀಕ್ಷೆಗೆ ಕೂತವರ ವಿಷಯದಲ್ಲೂ ಕೇಳಬೇಕು.

ಭಾಗ 10

2008ರದ್ದೇ ಇನ್ನೊಂದು ಸುದ್ದಿ. ಗ್ಯಾಮಾ ಅಂತ ವೇಗದ ಅಲೆಗಳಿವೆ. ಚಿತ್ರ ನೋಡಿ ಅದು ಏನು ಅಂತ ಮನಸ್ಸು ಕೂಡಿಸಿಕೊಳ್ಳುವಾಗ ಅವು ಚಿಮ್ಮುತ್ತವೆ ಅಂತ ವರ್ಷಗಟ್ಟಲೆ ಪೇಪರ್ ಬಂದಿದ್ವು. ಜೆರುಸಲೇಮಿನ ಯುವಲ್-ಗ್ರೀನ್‌ಬರ್ಗ್ ಮತ್ತು ಜೊತೆಗಾರರು ಕಣ್ಣಿನ ಚಲನೆಯನ್ನೂ ಜೊತೆಗೆ ಅಳೆದು ನೋಡಿದರು. ಆ ರೀತಿಯ ಚಿಮ್ಮುವಿಕೆ ಕಣ್ಣುಗುಡ್ಡೆಯ ಅತಿ ಸಣ್ಣ ಜಿಗಿತಗಳಿಂದ ಬರುತ್ತಿತ್ತು, ನಮಗೇ ಗೊತ್ತಾಗದಷ್ಟು ಸಣ್ಣವು. ಬರ್ಗರ್ ಅನುಮಾನ ಪಟ್ಟು ಎಂಬತ್ತು ವರ್ಷದ ಮೇಲೂ ಕಣ್ಣು ಮತ್ತೆ ಮನಸ್ಸಿನ ವೇಷ ಹಾಕಿಕೊಂಡಿತ್ತು.

ಗ್ಯಾಮಾ ಎಲ್ಲಾ ಸುಳ್ಳು ಅಂತ ಅಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸುಪ್ರತಿಮ್ ರೇ ಅವರ ತಂಡ ಹಿರಿಯ ವಯಸ್ಸಿನವರಿಗೆ ಗೆರೆಗಳ ಚಿತ್ರ ತೋರಿಸಿ ಗ್ಯಾಮಾ ಅಳೆದು, ಅಲ್ಜೈಮರ್ಸ್ ಮತ್ತು ಅದರ ಮುಂಚಿನ ಮರೆವು ಇದ್ದವರಲ್ಲಿ ಅದು ದುರ್ಬಲ ಇದೆ ಅಂತ 2021ರಲ್ಲಿ ಪ್ರಕಟಿಸಿತು. ಆ ಪ್ರಯೋಗದಲ್ಲಿ ಕಣ್ಣನ್ನೂ ಕ್ಯಾಮೆರಾದಿಂದ ಗಮನಿಸ್ತಾ ಇದ್ರು. ಅಜ್ಜ ಅಜ್ಜಿಯ ಮರೆವನ್ನು ಮೊದಲೇ ಪತ್ತೆ ಹಚ್ಚೋ ಆಸೆ ಇದರಲ್ಲಿದೆ. ಅಲ್ಲಿ ಕಣ್ಣಿನ ಲೆಕ್ಕ ತಪ್ಪಿದ್ರ ನಡೆಯಂಗಿಲ್ಲ.

ನಮ್ಮ ಪ್ರಾಜೆಕ್ಟು? ಗೈಡ್ ಸರ್ ಬೈಯಲಿಲ್ಲ. "ಹೆಸರು ಬದಲಿ ಮಾಡ್ರಿ, ಕೆಲಸ ಅದೇ ಇರಲಿ" ಅಂದ್ರು. ಈಗ ಅದು ಎರಡು ಸಲ ಗಟ್ಟಿಯಾಗಿ ಕಣ್ಣು ಮಿಟುಕಿಸಿದ್ರ ಫ್ಯಾನ್ ಹಚ್ಚೋ ಪಟ್ಟಿ. ಕೈಕಾಲು ಸ್ವಾಧೀನ ಇಲ್ಲದವರಿಗೆ ಆಗ್ತದೇನೋ ಅಂತ ನೋಡಾಕತ್ತೀವಿ. ಹಣೆ ಇದಕ್ಕೆ ಚೊಲೋ ಜಾಗ, ಡೊಳ್ಳು ಕೇಳೋದಕ್ಕೇ ಕೂತಮ್ಯಾಲೆ. ಸುಮ್ಮನೆ ಮಿಟುಕಿಸಿದ್ದಕ್ಕೂ ಆಗಾಗ ಫ್ಯಾನ್ ಹತ್ತತದ, ಅದಿನ್ನೂ ಸರಿ ಆಗಿಲ್ಲ.

ಕೊನೆಯ ಫೋಟೋ ಮತ್ತೆ ಮೊದಲಿನದ್ದೇ ಗೆರೆ. ಆಗ ಅದರ ಮ್ಯಾಲೆ ಕೆಂಪು ಬಾಣ ಹಾಕಿ "ಗಮನ ತಪ್ಪಿದ್ದು ಇಲ್ಲಿ" ಅಂತ ಬರ್ದಿದ್ದೆ. ಬಾಣ ಹಂಗೇ ಬಿಟ್ಟೀನಿ, ಬರಹ ಅಳಿಸಿ "ಕಣ್ಣು" ಅಂತ ಬರ್ದೀನಿ.

ಮಕ್ಕಳ ಗಮನ ಅಳೀತೀವಿ ಅಂತ ಹಣೆಪಟ್ಟಿ ಮಾರೋರು ನಿಮ್ಮ ಸಾಲಿಗೆ ಬಂದ್ರ, ಹದಿನೇಳರ ಮಗ್ಗಿ ಕಣ್ಣು ಮುಚ್ಚಿ ಹೇಳಿಸಿ ನೋಡ್ರಿ. ಏನಾಯ್ತು ಅಂತ ಕೆಳಗೆ ಬರೀರಿ.

#ರೆಪ್ಪೆ #ಮಿದುಳಿನಅಲೆ #ಹಸನು #ನವಲಗುಂದ #ಕುಂದಗೋಳ #ವಿಜ್ಞಾನದಇತಿಹಾಸ